ಅಪೊಲ್ಲೋಸನಿಗೂ ತಿದ್ದುವವರು ಬೇಕಾಗಿತ್ತು

ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ತೆಗೆಯೋಣ, 24ರಿಂದ 28ನೇ ವಚನ. ಸಾಕ್ಷಿ ಹೇಳುವವರು, ಸಂಡೇ ಸ್ಕೂಲ್ ಟೀಚರ್‌ಗಳು, ಗೃಹ ಪ್ರಾರ್ಥನೆ ನಡೆಸುವವರು ವಿಶೇಷವಾಗಿ ಕೇಳಿ.

ಅಪೊಲ್ಲೋಸ ಅಲೆಕ್ಸಾಂದ್ರಿಯದವನು. ಒಳ್ಳೆ ಮಾತುಗಾರ, ಶಾಸ್ತ್ರ ಬಲ್ಲವನು, ಉತ್ಸಾಹಿ. ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಮಾತಾಡಿದ. ಆದ್ರೆ ಅವನಿಗೆ ಗೊತ್ತಿದ್ದದ್ದು ಯೋಹಾನನ ದೀಕ್ಷಾಸ್ನಾನ ಮಾತ್ರ. ಅದನ್ನು ಕೇಳಿದ ಪ್ರಿಸ್ಕಿಲ್ಲ, ಅಕ್ವಿಲ ಏನು ಮಾಡಿದ್ರು? ಇವರು ಗುಡಾರ ಮಾಡುವ ಗಂಡ-ಹೆಂಡತಿ. ಸಭೆಯ ಮಧ್ಯೆ ತಡೆಯಲಿಲ್ಲ. ತಮ್ಮ ಹತ್ತಿರ ಕರಕೊಂಡು ಹೋಗಿ, ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿಕೊಟ್ರು. ಅಷ್ಟು ಓದಿದವನು "ನನಗೇ ಹೇಳ್ತೀರಾ?" ಅಂದ ಅಂತ ಎಲ್ಲೂ ಬರೆದಿಲ್ಲ. ಮುಂದೆ ಅಖಾಯದ ವಿಶ್ವಾಸಿಗಳಿಗೆ ಅವನಿಂದ ಬಹಳ ಸಹಾಯವಾಯಿತು.

"ಪಾಸ್ಟರ್, ಪವಿತ್ರಾತ್ಮನೇ ಮಾತು ಕೊಡ್ತಾನಲ್ಲ, ತಯಾರಿ ಯಾಕೆ?" ಅಂತ ಕೆಲವರು ಕೇಳ್ತಾರೆ. ಮತ್ತಾಯ 10ನೇ ಅಧ್ಯಾಯ ಓದಿ. ಯೇಸು ಆ ವಾಗ್ದಾನ ಕೊಟ್ಟದ್ದು ಹಿಡಿದು ಅಧಿಪತಿಗಳ ಮುಂದೆ ಎಳಕೊಂಡು ಹೋಗುವವರಿಗೆ. ವಾರವೆಲ್ಲಾ ಬೈಬಲ್ ಮುಚ್ಚಿಟ್ಟು ಭಾನುವಾರ ಮೈಕ್ ಹಿಡಿಯುವವರಿಗಲ್ಲ!

ಹಾಗಾದ್ರೆ ನಮ್ಮನ್ನು ನಾವು ಹೇಗೆ ಪರೀಕ್ಷಿಸಿಕೊಳ್ಳೋದು? ನೆಹೆಮೀಯ 8ರಲ್ಲಿ ಅಳತೆ ಇದೆ. ಲೇವಿಯರು ಧರ್ಮಶಾಸ್ತ್ರವನ್ನು ಸ್ಪಷ್ಟವಾಗಿ ಓದಿ ಅರ್ಥ ಹೇಳಿದ್ರು, ಜನರಿಗೆ ತಿಳಿಯಿತು. ಸೌಂಡ್ ಎಷ್ಟಿತ್ತು ಅನ್ನೋದಲ್ಲ, ಜನರಿಗೆ ಎಷ್ಟು ತಿಳಿಯಿತು ಅನ್ನೋದೇ ಅಳತೆ.

ಮೊದಲನೇದು, ಮಾತಾಡೋದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ, ಸೋಮವಾರ ಒಬ್ಬರೇ ಕೂತು ಕೇಳಿ. ಮುಂದಿನ ಮಾತು ಹೊಳೆಯದೆ ಎಷ್ಟು ಸಲ "ಹಲ್ಲೆಲೂಯ" ಅಂದ್ರಿ, ಎಣಿಸಿ. ಸ್ತೋತ್ರ ದೇವರಿಗೆ ಸಲ್ಲಬೇಕು, ಮಾತಿನ ಸಂದು ತುಂಬೋದಕ್ಕಲ್ಲ.

ಎರಡನೇದು, "ಚೆನ್ನಾಗಿತ್ತಾ?" ಅಂತ ಕೇಳಬೇಡಿ. ಎಲ್ಲರೂ "ಚೆನ್ನಾಗಿತ್ತು ಬ್ರದರ್" ಅಂತಾರೆ. "ನಾನು ಏನು ಹೇಳಿದೆ?" ಅಂತ ಕೇಳಿ. ನನ್ನ ಮನೆಯಲ್ಲಿ ನನ್ನ ಹೆಂಡತಿಯೇ ಪ್ರಿಸ್ಕಿಲ್ಲ. ಊಟದ ಹೊತ್ತಿಗೆ ಒಂದೇ ವಾಕ್ಯದಲ್ಲಿ ನನ್ನ ಪ್ರಸಂಗ ನನಗೆ ತಿರುಗಿ ಹೇಳ್ತಾಳೆ. ನಾನು ಹೇಳಬೇಕೆಂದಿದ್ದದ್ದೂ ಅದೂ ಒಂದೇ ಆದ್ರೆ, ದೇವರಿಗೆ ಸ್ತೋತ್ರ.

ಮೂರನೇದು, ಗಡಿಯಾರ ನೋಡಿ. ತ್ರೋವದಲ್ಲಿ ಪೌಲ ಮಧ್ಯರಾತ್ರಿವರೆಗೂ ಮಾತಾಡಿದಾಗ ಯೂತಿಖ ನಿದ್ದೆ ಬಂದು ಮೂರನೇ ಅಂತಸ್ತಿನಿಂದ ಬಿದ್ದ. ಪೌಲನ ಸಭೆಯಲ್ಲೇ ಹೀಗಾದ್ರೆ ನಮ್ಮದು ಯಾವ ಲೆಕ್ಕ?

ಇದು ಹೆಸರು ಮಾಡೋದಕ್ಕೆ ಅಲ್ಲ ಪ್ರಿಯರೇ. ಹಿಂದಿನ ಸಾಲಲ್ಲಿ ಒಬ್ಬ ತಾಯಿ ಮೊದಲ ಸಲ ಬಂದು ಕೂತಿರಬಹುದು. ಮಗ ಕುಡಿತಕ್ಕೆ ಬಿದ್ದಿದ್ದಾನೆ. ನಿಮ್ಮ ಸಾಕ್ಷಿಯಲ್ಲಿ ಹಳೇ ಜೀವನ 20 ನಿಮಿಷ, ಯೇಸು 2 ನಿಮಿಷ ಆದ್ರೆ ಆಕೆ ಮನೆಗೆ ಏನು ತಗೊಂಡು ಹೋಗ್ತಾಳೆ? ಆಕೆ ಇನ್ನೊಂದು ಸಲ ಬರ್ತಾಳೋ ಇಲ್ಲವೋ.

ಈ ವಾರ ನಿಮ್ಮನ್ನು ಪ್ರೀತಿಯಿಂದ ತಿದ್ದುವ ಒಬ್ಬರನ್ನು ನೀವೇ ಹುಡುಕಿ ಕೇಳಿಕೊಳ್ಳಿ. ತಿದ್ದುವವರು ಪಕ್ಕಕ್ಕೆ ಕರೆದು ಹೇಳಿ. ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಕರ್ತನೇ, ನಮ್ಮ ನಾಲಿಗೆಯನ್ನೂ ಕಿವಿಯನ್ನೂ ನಿನಗೆ ಒಪ್ಪಿಸ್ತೀವಿ. ಯೇಸುವಿನ ನಾಮದಲ್ಲಿ, ಆಮೆನ್.