ಸಂಜೆ ಐದು ಗಂಟೆಯ ಕೂಲಿಯಾಳು



ಸಂತ ಮತ್ತಾಯರ ಶುಭಸಂದೇಶದ 20ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ ನಿಮಗೆಲ್ಲ ತಿಳಿದದ್ದೇ. ಯಜಮಾನ ಮುಂಜಾನೆ ಸಂತೆಬೀದಿಗೆ ಹೋಗಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ, ನಡುಹಗಲಿಗೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಕೊನೆಗೆ ಸಂಜೆ ಐದಕ್ಕೆ ಹೋದಾಗಲೂ ಕೆಲವರು ಅಲ್ಲೇ ನಿಂತಿದ್ದಾರೆ. ಏಕೆ ಎಂದು ಕೇಳಿದರೆ, ತಮ್ಮನ್ನು ಯಾರೂ ಕರೆಯಲಿಲ್ಲ ಎನ್ನುತ್ತಾರೆ.

ಈ ಸಾಮತಿಯನ್ನು ನಾನು ಎಷ್ಟೋ ಸಲ ಬೋಧಿಸಿದ್ದೇನೆ. ಆದರೆ ಆ ಐದು ಗಂಟೆಯ ಆಳು ನಮ್ಮ ದೇವಾಲಯದಲ್ಲೇ ಬಂದು ಕುಳಿತಾಗ ನಾನು ಗುರುತಿಸಲಿಲ್ಲ.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಬೆಳಗಿನ ಬಲಿಪೂಜೆ ಮುಗಿದ ಮೇಲೂ ಒಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತೇ ಇರುತ್ತಿದ್ದರು. ಪಕ್ಕದಲ್ಲಿ ಊಟದ ಡಬ್ಬಿ. ನಾಲ್ಕಾರು ದಿನ ನೋಡಿದೆ. ಎಂಥ ಭಕ್ತಿ ಎಂದುಕೊಂಡೆ. ಒಂದು ದಿನ ಅದನ್ನೇ ಹೇಳಿ ಅವರನ್ನು ಹೊಗಳಿದೆ. ಅವರು ತಲೆ ತಗ್ಗಿಸಿ ಹೇಳಿದರು: "ಫಾದರ್, ನಾನು ಪ್ರಾರ್ಥನೆಗೆ ಬರುತ್ತಿಲ್ಲ. ಹೋಗುವುದಕ್ಕೆ ಬೇರೆ ಜಾಗವಿಲ್ಲ."

ಬೆಂಗಳೂರಿನ ಕಚೇರಿಯೊಂದರಲ್ಲಿ ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವ ಕೆಲಸ ಅವರದು. ಹದಿನೆಂಟು ವರ್ಷ ಮಾಡಿದ್ದರು. ಆಮೇಲೆ ಕೃತಕ ಬುದ್ಧಿಮತ್ತೆಯ ಯಂತ್ರ ಬಂತು. ಕ್ಷಣದಲ್ಲಿ ಉತ್ತರ ಬರೆಯತೊಡಗಿತು. ಕೊನೆಯ ಆರು ತಿಂಗಳು ಅದರ ತಪ್ಪುಗಳನ್ನು ತಿದ್ದುವ ಕೆಲಸವನ್ನೇ ಇವರಿಗೆ ಕೊಟ್ಟಿದ್ದರು. ತಪ್ಪುಗಳು ಕಡಿಮೆಯಾದ ದಿನ ಇವರನ್ನು ಮನೆಗೆ ಕಳುಹಿಸಿದರು. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಪ್ರತಿದಿನವೂ ಆಕೆ ಡಬ್ಬಿ ಕಟ್ಟಿಕೊಡುತ್ತಿದ್ದರು, ಇವರು ಹೊರಡುತ್ತಿದ್ದರು.

ನಾನೇನು ಮಾಡಿದೆ? ಪ್ರಾರ್ಥಿಸೋಣ ಎಂದೆ, ಎಲ್ಲಾದರೂ ಅರ್ಜಿ ಹಾಕಿ ಎಂದೆ, ಒಂದು ಮದುವೆಯ ಕಾಗದಪತ್ರ ನೋಡುವುದಿತ್ತು, ಎದ್ದು ಹೋದೆ. ಇದು ನನ್ನ ತಪ್ಪು. ಅದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಪ್ರಿಯರೇ, ಯಂತ್ರವೇ ಪಾಪ ಎಂದು ನಾನು ಹೇಳುತ್ತಿಲ್ಲ. 'ರೋಬೋಟ್' ಎಂಬ ಪದ ಹುಟ್ಟಿದ್ದು ಚೆಕ್ ಲೇಖಕ ಕರೆಲ್ ಚಾಪೆಕ್ ಅವರು 1920ರಲ್ಲಿ ಪ್ರಕಟಿಸಿದ ಒಂದು ನಾಟಕದಿಂದ. ಅವರ ಭಾಷೆಯಲ್ಲಿ ಅದರ ಮೂಲ ಅರ್ಥ ಬಿಟ್ಟಿ ಚಾಕರಿ, ಧಣಿಗೆ ಮಾಡಲೇಬೇಕಾದ ದುಡಿತ. ಅಂಥ ಚಾಕರಿಯನ್ನು ಯಂತ್ರ ಹೊತ್ತುಕೊಂಡರೆ ಯಾರಿಗೆ ದುಃಖ? ನಮ್ಮ ದೇಶದಲ್ಲಿ ಮ್ಯಾನ್‌ಹೋಲಿಗೆ ಇಳಿದು ವಿಷಗಾಳಿಗೆ ಸಿಕ್ಕಿ ಸತ್ತ ಬಡವರು ಎಷ್ಟೋ ಮಂದಿ. 2013ರ ಕಾನೂನು ಬಂದ ಮೇಲೂ ಆ ಸಾವುಗಳು ನಿಲ್ಲಲಿಲ್ಲ. ಕೇರಳದ ಯುವ ಎಂಜಿನಿಯರುಗಳು 'ಬ್ಯಾಂಡಿಕೂಟ್' ಎಂಬ ರೋಬೋಟನ್ನು ತಯಾರಿಸಿ 2018ರಲ್ಲಿ ತಿರುವನಂತಪುರದಲ್ಲಿ ಆ ಕೆಲಸಕ್ಕೆ ಇಳಿಸಿದರು. ಹಿಂದೆ ಗುಂಡಿಗೆ ಇಳಿಯುತ್ತಿದ್ದವರಿಗೇ ಅದನ್ನು ಮೇಲೆ ನಿಂತು ನಡೆಸುವ ತರಬೇತಿ ಕೊಟ್ಟರು. ಹೊಲಸು ಯಂತ್ರದ ಪಾಲಿಗೆ, ಕೂಲಿ ಮನುಷ್ಯನ ಪಾಲಿಗೆ. ಇದು ದೇವರು ಮೆಚ್ಚುವ ಕೆಲಸವಲ್ಲವೇ?

ಆದಿಕಾಂಡವನ್ನು ಗಮನವಿಟ್ಟು ಓದಿ. ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟು ಅದನ್ನು ಸಾಗುವಳಿ ಮಾಡಿ ಕಾಯಲು ಹೇಳಿದ್ದು ಎರಡನೇ ಅಧ್ಯಾಯದಲ್ಲಿ. ಪಾಪ, ಮುಳ್ಳು, ಹಣೆಯ ಬೆವರು ಇವೆಲ್ಲ ಬಂದದ್ದು ಮೂರನೇ ಅಧ್ಯಾಯದಲ್ಲಿ. ಅಂದರೆ ದುಡಿಮೆ ಶಾಪವಲ್ಲ, ವರದಾನ. ಬೆವರನ್ನು ಯಂತ್ರಕ್ಕೆ ಬಿಟ್ಟುಕೊಡಬಹುದು. ಸೃಷ್ಟಿಕರ್ತನ ಜೊತೆಗಾರನಾಗಿ ದುಡಿಯುವ ಪಾಲನ್ನು ಮನುಷ್ಯನಿಂದ ಕಿತ್ತುಕೊಳ್ಳುವಂತಿಲ್ಲ.

ನಮ್ಮ ಧರ್ಮಸಭೆ ಇದನ್ನು ಇಂದು ಹೊಸದಾಗಿ ಹೇಳುತ್ತಿಲ್ಲ. ಕಾರ್ಖಾನೆಗಳ ಯುಗದಲ್ಲಿ, 1891ರಲ್ಲಿ, ಜಗದ್ಗುರು 13ನೇ ಲಿಯೋರವರು 'ರೇರುಮ್ ನೊವಾರುಮ್' ಪರಿಪತ್ರದಲ್ಲಿ ಕಾರ್ಮಿಕರ ನ್ಯಾಯವಾದ ಕೂಲಿಯ ಪರ ನಿಂತರು. 1981ರಲ್ಲಿ ಜಗದ್ಗುರು 2ನೇ ಜಾನ್ ಪಾಲ್‌ರವರು 'ಲಬೋರೆಮ್ ಎಕ್ಸೆರ್ಚೆನ್ಸ್' ಪರಿಪತ್ರದಲ್ಲಿ, ಕೆಲಸ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ಕೆಲಸಕ್ಕಾಗಿ ಅಲ್ಲ ಎಂದು ಬೋಧಿಸಿದರು. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರು 14ನೇ ಲಿಯೋರವರು ಎರಡೇ ದಿನಗಳಲ್ಲಿ ಕಾರ್ಡಿನಲರ ಮುಂದೆ ತಮ್ಮ ಹೆಸರಿನ ಕಾರಣವನ್ನು ತಿಳಿಸಿದರು. ಅಂದು ಕಾರ್ಖಾನೆ, ಇಂದು ಕೃತಕ ಬುದ್ಧಿಮತ್ತೆ. ಮನುಷ್ಯನ ಘನತೆ, ನ್ಯಾಯ, ದುಡಿಮೆ ಇವುಗಳ ಪ್ರಶ್ನೆ ಮತ್ತೆ ನಮ್ಮ ಮುಂದಿದೆ ಎಂಬುದು ಅವರ ಮಾತಿನ ಸಾರ.

ಈಗ ಸಾಮತಿಗೆ ಹಿಂದಿರುಗೋಣ. ಆ ಯಜಮಾನನಿಗೆ ಒಬ್ಬ ಮೇಸ್ತ್ರಿಯಿದ್ದ. ಸಂಜೆ ಕೂಲಿ ಹಂಚಿದವನು ಅವನೇ. ಆದರೆ ಸಂತೆಬೀದಿಗೆ ಮಾತ್ರ ಯಜಮಾನ ಅವನನ್ನು ಕಳುಹಿಸಲಿಲ್ಲ. ಐದು ಸಲವೂ ತಾನೇ ಹೋದ. ನಿಂತವರನ್ನು ಸೋಮಾರಿಗಳೆಂದು ಜರೆಯಲಿಲ್ಲ, ಕೇಳಿದ. ಒಂದು ಗಂಟೆ ದುಡಿದವರಿಗೂ ದಿನದ ಪೂರ್ತಿ ಕೂಲಿ ಕೊಟ್ಟ. ಏಕೆಂದರೆ ಅವರ ಮನೆಯಲ್ಲೂ ಮಕ್ಕಳಿಗೆ ಹಸಿವು ಪೂರ್ತಿಯಾಗಿಯೇ ಇರುತ್ತದೆ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ನೀವು ಅಂಗಡಿ, ಕಾರ್ಖಾನೆ, ಕಚೇರಿ ನಡೆಸುವವರಾದರೆ, ಯಂತ್ರದಿಂದ ಉಳಿಯುವ ಹಣವನ್ನು ಎಣಿಸುವ ಮೊದಲು ಅದರಿಂದ ಬೀದಿಗೆ ಬೀಳುವ ತಲೆಗಳನ್ನು ಎಣಿಸಿ. ಅವರಿಗೆ ಬೇರೆ ಕೆಲಸ ಕಲಿಸಲು ಆಗುವುದೇ ನೋಡಿ. ನಿಮ್ಮ ಮಕ್ಕಳು ಇಂಥ ಯಂತ್ರಗಳಿಗೆ ಬುದ್ಧಿ ತುಂಬುವ ಉದ್ಯೋಗದಲ್ಲಿದ್ದರೆ, ಇದು ಯಾರ ಭಾರ ಇಳಿಸುತ್ತದೆ, ಯಾರ ಅನ್ನ ಕಸಿಯುತ್ತದೆ ಎಂದು ಊಟದ ಹೊತ್ತಿನಲ್ಲಿ ಅವರೊಡನೆ ಮಾತಾಡಿ. ಕೆಲಸ ಕಳೆದುಕೊಂಡವರನ್ನು ಮದುವೆಮನೆಯಲ್ಲಿ ನಾಲ್ವರ ಮುಂದೆ "ಈಗ ಎಲ್ಲಿದ್ದೀರಿ?" ಎಂದು ಕೇಳಬೇಡಿ. ಮನೆಗೆ ಹೋಗಿ. ಮಕ್ಕಳ ಶಾಲೆಯ ಫೀಸಿಗೆ ಅವರಾಗಿ ಕೈಚಾಚುವ ಮೊದಲೇ ವಿನ್ಸೆಂಟ್ ದೆ ಪಾಲ್ ಸಭೆಯವರು ಅವರ ಬಾಗಿಲಲ್ಲಿರಲಿ.

ಕೆಲಸ ಕಳೆದುಕೊಂಡ ಸಹೋದರನೇ, ಸಹೋದರಿಯೇ, ನಿನಗೂ ಒಂದು ಮಾತು. ಯಂತ್ರ ನಿನ್ನ ಕುರ್ಚಿಯನ್ನು ತೆಗೆದುಕೊಂಡಿರಬಹುದು. ಸ್ನಾನದೀಕ್ಷೆಯಲ್ಲಿ ದೇವರು ನಿನಗೆ ಕೊಟ್ಟ ಮಗುವಿನ ಸ್ಥಾನವನ್ನು ತೆಗೆದುಕೊಳ್ಳಲಾರದು. ನಿನ್ನ ನೋವನ್ನು ಮನೆಯವರಿಂದ ಮುಚ್ಚಿಡಬೇಡ.

ಮಾರನೆಯ ಬೆಳಿಗ್ಗೆ ನಾನು ಹಿಂದಿನ ಬೆಂಚಿಗೆ ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಆ ಸಂಜೆ ಇಬ್ಬರೂ ಅವರ ಮನೆಗೆ ಹೋದೆವು. ಅವರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಅತ್ತರು, ಆಮೇಲೆ ನಮಗೆ ಕಾಫಿ ಮಾಡಿಕೊಟ್ಟರು. ಹಿಂದಿನಂಥ ಕೆಲಸ ಅವರಿಗೆ ಇನ್ನೂ ಸಿಕ್ಕಿಲ್ಲ. ಆದರೆ ಸುಳ್ಳು ಡಬ್ಬಿಯ ಭಾರ ಇಳಿದಿದೆ.

ನಜರೇತಿನ ಬಡಗಿ, ಕಾರ್ಮಿಕರ ಪಾಲಕ ಸಂತ ಜೋಸೆಫರು ಇಂಥ ಎಲ್ಲ ಕುಟುಂಬಗಳಿಗಾಗಿ ಪ್ರಾರ್ಥಿಸಲಿ. ಸಂತೆಬೀದಿಗೆ ತಾನೇ ನಡೆದುಹೋಗುವ ಯಜಮಾನನ ಕಾಲುಗಳನ್ನು ದೇವರು ನಮಗೂ ಕೊಡಲಿ. ಆಮೆನ್.