ಹೆದರಿದವರು ಯಾರು?

ಹಾರರ್ ಸಿನಿಮಾ ಇಷ್ಟ ಎಂದವರಿಗೆ ಎದುರಾಗುವ ಪ್ರಶ್ನೆ ಒಂದೇ: ‘ದುಡ್ಡು ಕೊಟ್ಟು ಯಾಕೆ ಹೆದರಿಕೊಳ್ತೀರಿ?’ ಕೇಳುವವರು ತಮಾಷೆಗೆ ಕೇಳುತ್ತಾರೆ. ಆದರೆ ಇದು ತತ್ವಶಾಸ್ತ್ರದ ಹಳೆಯ ಪ್ರಶ್ನೆ. ಬದುಕಿನಲ್ಲಿ ಕಂಡರೆ ದೂರ ಓಡುವ ದುಃಖ, ಭಯಗಳನ್ನು ರಂಗಮಂದಿರಕ್ಕೆ ಹುಡುಕಿಕೊಂಡು ಹೋಗುತ್ತೇವಲ್ಲ, ಏಕೆ ಎಂದು ಡೇವಿಡ್ ಹ್ಯೂಮ್ 1757ರಲ್ಲೇ ದುರಂತ ನಾಟಕಗಳನ್ನು ಕುರಿತ ಪ್ರಬಂಧದಲ್ಲಿ ತಲೆಕೆಡಿಸಿಕೊಂಡಿದ್ದ. 1990ರಲ್ಲಿ ಅಮೆರಿಕದ ನೋಯೆಲ್ ಕ್ಯಾರೊಲ್ ಭಯಾನಕ ಕಲೆಯ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದರು. ಅವರ ಉತ್ತರ ಸರಳ: ನಮಗೆ ಬೇಕಿರುವುದು ಭಯವಲ್ಲ, ಕುತೂಹಲ. ಇಲ್ಲದ ಪ್ರಾಣಿಯೊಂದು ಇದೆಯೇ, ಇದ್ದರೆ ಏನದು ಎಂದು ತಿಳಿಯುವ ಆಸೆ. ಭಯ, ಹೇಸಿಗೆಗಳು ಆ ಕುತೂಹಲಕ್ಕೆ ನಾವು ತೆರುವ ಬೆಲೆ.

ಮೊದಲ ಸಲ ನೋಡುವವರಿಗೆ ಈ ಉತ್ತರ ಸಾಕು. ನನ್ನಂಥವರಿಗೆ ಸಾಲದು. ಪಿಎಚ್‌.ಡಿ. ಅಧ್ಯಾಯ ಒಂದು ಪುಟವೂ ಮುಂದೆ ಸಾಗದ ರಾತ್ರಿಗಳಲ್ಲಿ ನಾನು ಹಾಕಿಕೊಳ್ಳುವುದು ಹೊಸ ಸಿನಿಮಾಗಳನ್ನಲ್ಲ, ಎಷ್ಟೋ ಸಲ ನೋಡಿ ಮುಗಿಸಿದ ಅವೇ ನಾಲ್ಕನ್ನು: ‘ಆಪ್ತಮಿತ್ರ’, ‘ರಿಂಗು’, ‘ನೈಟ್ ಆಫ್ ದಿ ಲಿವಿಂಗ್ ಡೆಡ್’, ‘ಸ್ತ್ರೀ’. ಬಾಗಿಲ ಹಿಂದೆ ಯಾರಿದ್ದಾರೆಂದು ನನಗೆ ಗೊತ್ತು. ಕುತೂಹಲ ಎಂದೋ ಮುಗಿದಿದೆ. ಆದರೂ ಏನೋ ಉಳಿದಿದೆ. ಅದೇನು ಎಂಬುದಕ್ಕೆ ಸುಳಿವು ನನಗೆ ಸಿಕ್ಕಿದ್ದು ಸಿನಿಮಾ ಪುಸ್ತಕಗಳಲ್ಲಲ್ಲ, ಕಾವ್ಯಮೀಮಾಂಸೆಯಲ್ಲಿ.

ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆಯುತ್ತಾ ಅಭಿನವಗುಪ್ತ ರಸಾನುಭವವನ್ನು ವಿವರಿಸಲು ಆರಿಸಿಕೊಳ್ಳುವ ಉದಾಹರಣೆ ಭಯದ್ದು. ಶಾಕುಂತಲದ ಆರಂಭದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆ, ಕತ್ತು ತಿರುಗಿಸಿ ತಿರುಗಿಸಿ ಹಿಂದೆ ನೋಡುತ್ತಾ ಓಡುವ ಆ ಜಿಂಕೆ. ಅದನ್ನು ಕಂಡ ಸಹೃದಯನಿಗೆ ಆಗುವ ಭಯ ‘ನಾನು ಹೆದರಿದ್ದೇನೆ’ ಎಂಬುದಲ್ಲ, ‘ಅದು ಹೆದರಿದೆ’ ಎಂಬುದೂ ಅಲ್ಲ. ಯಾರ ಸ್ವಂತದ್ದೂ ಅಲ್ಲದ, ಕಾಲದೇಶಗಳ ಕಟ್ಟಿಲ್ಲದ ಭಯ ಅದು ಎನ್ನುತ್ತಾನೆ. ಈ ಮಾತಿನ ಸೌಂದರ್ಯವನ್ನು ಬಲ್ಲವರು ಬಹಳ ಚರ್ಚಿಸಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಉದಾಹರಣೆಯ ಆಯ್ಕೆ. ಭಯಾನಕಕ್ಕೆ ಉದಾಹರಣೆ ಬೇಕಾದಾಗ ಆತ ರಾಕ್ಷಸನನ್ನು ಕರೆಯಲಿಲ್ಲ, ಬೇಟೆಯ ಪ್ರಾಣಿಯನ್ನು ಕರೆದ. ನಾವು ಸವಿಯುವ ಭಯ ಹುಟ್ಟುವುದು ಬಾಣದ ಮುಂದಿರುವವರಲ್ಲಿ.

ಈಗ ನಮ್ಮ ದೆವ್ವದ ಸಿನಿಮಾಗಳನ್ನು ನೋಡಿ. ಅಲ್ಲಿ ಹೆದರುವವರು ಮನೆಯವರು, ಹೆದರಿಸುವುದು ದೆವ್ವ. ಆದರೆ ಫ್ಲ್ಯಾಶ್‌ಬ್ಯಾಕ್ ಬಂದಾಗ ತಿಳಿಯುತ್ತದೆ, ಆ ದೆವ್ವ ಒಂದು ಕಾಲದಲ್ಲಿ ಜಿಂಕೆಯಾಗಿತ್ತು. ಯಾರೋ ಅಟ್ಟಿಸಿಕೊಂಡು ಬಂದಿದ್ದರು, ಯಾರೋ ಬಾವಿಗೆ ತಳ್ಳಿದ್ದರು, ಬೆಂಕಿ ಇಟ್ಟಿದ್ದರು. ನಾನು ಕೇಳಬೇಕೆಂದಿರುವ ಪ್ರಶ್ನೆ ಇದು: ಅವಳ ಭಯ ತಿಳಿದ ಮೇಲೂ ನಾವು ಅವಳಿಗೆ ಹೆದರುತ್ತಲೇ ಇರುವುದು ಸರಿಯೇ? ತಿಳಿದದ್ದಕ್ಕೆ ಏನಾದರೂ ಹೊಣೆ ಇದೆಯೇ? ನನ್ನ ನಾಲ್ಕು ಸಿನಿಮಾಗಳು ಇದಕ್ಕೆ ನಾಲ್ಕು ಬಗೆಯಲ್ಲಿ ಉತ್ತರಿಸುತ್ತವೆ. ನೋಡದವರು ಕ್ಷಮಿಸಬೇಕು, ಕೊನೆಯ ದೃಶ್ಯಗಳನ್ನು ಹೇಳದೆ ಈ ಮಾತು ಆಡಲು ಬರುವುದಿಲ್ಲ.

‘ಆಪ್ತಮಿತ್ರ’ (2004) ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಮಲಯಾಳಂನ ‘ಮಣಿಚಿತ್ರತಾಳ್’ (1993) ಅದರ ಮೂಲ. ನಾಗವಲ್ಲಿ ನರ್ತಕಿ. ರಾಜ ಅವಳ ಪ್ರಿಯಕರನನ್ನು ಕೊಂದು ಅವಳನ್ನು ಸುಟ್ಟಿದ್ದಾನೆ. ಸೌಂದರ್ಯ ಅಭಿನಯಿಸಿದ ಗಂಗಾ ತಾನೇ ನಾಗವಲ್ಲಿ ಎಂದುಕೊಳ್ಳುತ್ತಾಳೆ. ಮನೋವೈದ್ಯ ವಿಜಯ್ ಕಂಡುಕೊಳ್ಳುವ ಪರಿಹಾರ ಜಾಣತನದ್ದು: ನಾಗವಲ್ಲಿಗೆ ಅವಳ ಸೇಡು ತೀರಿಸಿಕೊಳ್ಳಲು ಬಿಡುವುದು, ಆದರೆ ಮನುಷ್ಯನ ಬದಲು ಬೊಂಬೆ ಇಡುವುದು. ಅವಳು ಸೇಡು ತೀರಿಸಿಕೊಳ್ಳುತ್ತಾಳೆ, ತೃಪ್ತಳಾಗುತ್ತಾಳೆ, ಹೊರಟುಹೋಗುತ್ತಾಳೆ. ಗಂಗಾ ಗುಣವಾಗುತ್ತಾಳೆ.

ವೈದ್ಯನಾಗಿ ಆತ ಮಾಡಿದ್ದು ಸರಿ. ಬದುಕಿರುವ ಹೆಣ್ಣನ್ನು ಉಳಿಸಿದ. ಆದರೆ ಸತ್ತವಳಿಗೆ ಸಿಕ್ಕಿದ್ದು ಬೊಂಬೆ. ಇನ್ನೊಂದು ವಿಷಯ: ವೈದ್ಯನೂ ವಿಷ್ಣುವರ್ಧನ್, ರಾಜನೂ ವಿಷ್ಣುವರ್ಧನ್. ಕೊಂದವನ ಮುಖ, ವಾಸಿ ಮಾಡುವವನ ಮುಖ ಎರಡೂ ಒಂದೇ. ಇಂದಿಗೂ ಮಿಮಿಕ್ರಿ ಮಾಡುವವರು ವೇದಿಕೆಯಲ್ಲಿ ‘ಹೌಲಾ ಹೌಲಾ’ ಎಂದರೆ ಶಿಳ್ಳೆ ಬೀಳುತ್ತದೆ. ಅದು ಕೊಲೆಗಾರನ ಮಾತು ಎಂದು ಶಿಳ್ಳೆ ಹೊಡೆಯುವಾಗ ಯಾರಿಗೂ ನೆನಪಿರುವುದಿಲ್ಲ. ನಾಗವಲ್ಲಿ ಕನ್ನಡದಲ್ಲಿ ತೆಲುಗು ಹಾಡುತ್ತಾಳೆ. ಮಲಯಾಳಂನಲ್ಲಿ ಆಕೆ ತಂಜಾವೂರಿನ ತಮಿಳು ನರ್ತಕಿ. ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ ಬಂಗಾಳದವಳು. ಎಲ್ಲ ಊರಿಗೂ ದೆವ್ವ ಪಕ್ಕದ ಊರಿನಿಂದಲೋ ದೂರದ ಊರಿನಿಂದಲೋ ಬರುತ್ತದೆ. ಕೊಂದ ಅರಮನೆ ಮಾತ್ರ ನಮ್ಮದೇ. ಇಷ್ಟೆಲ್ಲ ಇದ್ದೂ ಈ ಸಿನಿಮಾ ನನ್ನ ಪಟ್ಟಿಯಲ್ಲಿದೆ. ‘ರಾ ರಾ’ ಹಾಡಿನಲ್ಲಿ ಕೆಲವು ನಿಮಿಷ, ಇನ್ನೂ ಯಾರೂ ಅಟ್ಟಿಸಿಕೊಂಡು ಬಂದಿರದ, ಹೆದರಿರದ ನಾಗವಲ್ಲಿ ಕಾಣುತ್ತಾಳಲ್ಲ, ಅದಕ್ಕಾಗಿ.

ಹಿದೆಯೊ ನಕಾತಾ ನಿರ್ದೇಶನದ ಜಪಾನಿನ ‘ರಿಂಗು’ (1998) ಇನ್ನೂ ಕಠಿಣ. ಒಂದು ವಿಡಿಯೋ ಕ್ಯಾಸೆಟ್. ನೋಡಿದವರು ಏಳು ದಿನಕ್ಕೆ ಸಾಯುತ್ತಾರೆ. ಪತ್ರಕರ್ತೆ ರೇಕೊ ಹುಡುಕುತ್ತಾ ಹೋಗಿ ಸಡಾಕೊ ಎಂಬ ಹುಡುಗಿಯ ಕತೆ ತಿಳಿಯುತ್ತಾಳೆ. ಅವಳನ್ನು ಬಾವಿಗೆ ತಳ್ಳಿ ಮೇಲೆ ಮುಚ್ಚಿದ್ದರು. ಹತ್ತಿ ಬರಲು ಒದ್ದಾಡಿದವಳ ಉಗುರು ಬಾವಿಯ ಗೋಡೆಯಲ್ಲೇ ಉಳಿದಿದೆ. ರೇಕೊ ಬಾವಿಗಿಳಿದು ಅವಳ ಅವಶೇಷಗಳನ್ನು ಎತ್ತಿ ಎದೆಗೊತ್ತಿಕೊಳ್ಳುತ್ತಾಳೆ. ಮಾಮೂಲಿ ಸಿನಿಮಾ ಇಲ್ಲಿಗೆ ಮುಗಿಯಬೇಕು. ಪತ್ತೆಯಾಯಿತು, ಮರುಕ ಸಿಕ್ಕಿತು, ಆತ್ಮಕ್ಕೆ ಶಾಂತಿ. ಆದರೆ ಮರುದಿನ ರೇಕೊಳ ಮಾಜಿ ಗಂಡನ ಮನೆಯ ಟಿವಿಯಿಂದ ಸಡಾಕೊ ತೆವಳಿಕೊಂಡು ಹೊರಬರುತ್ತಾಳೆ. ಮರುಕ ಸಾಲಲಿಲ್ಲ. ರೇಕೊ ಉಳಿದಿದ್ದು ಅಪ್ಪಿಕೊಂಡಿದ್ದಕ್ಕಲ್ಲ, ಕ್ಯಾಸೆಟ್ಟಿನ ಪ್ರತಿ ಮಾಡಿ ಇನ್ನೊಬ್ಬರಿಗೆ ತೋರಿಸಿದ್ದಕ್ಕೆ.

ಆಕೆಯ ಪುಟ್ಟ ಮಗನೂ ಕ್ಯಾಸೆಟ್ ನೋಡಿದ್ದಾನೆ. ಕೊನೆಯ ದೃಶ್ಯದಲ್ಲಿ ಆಕೆ ಕಾರು ಓಡಿಸುತ್ತಾ ತನ್ನ ತಂದೆಗೆ ಫೋನ್ ಮಾಡುತ್ತಾಳೆ, ಮೊಮ್ಮಗನಿಗಾಗಿ ಒಂದು ಉಪಕಾರ ಆಗಬೇಕು ಎಂದು. ನೀತಿಶಾಸ್ತ್ರದ ತರಗತಿಗಳಲ್ಲಿ ಹಿಡಿತ ತಪ್ಪಿದ ಟ್ರಾಲಿಯ ಒಗಟನ್ನು ಎಷ್ಟೋ ಸಲ ಚರ್ಚಿಸಿದ್ದೇನೆ. ಆ ಫೋನ್ ಕರೆಯಷ್ಟು ಅದು ನನ್ನನ್ನು ಕಾಡಿಲ್ಲ. ಒಂದು ಅನ್ಯಾಯವನ್ನು ಯಾರೂ ಸರಿಪಡಿಸದಿದ್ದರೆ ಅದು ಕೈಯಿಂದ ಕೈಗೆ ದಾಟುತ್ತದೆ. ದಾಟಿಸುವವರು ಕೆಟ್ಟವರಾಗಿರಬೇಕಿಲ್ಲ. ತಾಯಂದಿರಾಗಿದ್ದರೆ ಸಾಕು.

ಜಾರ್ಜ್ ರೊಮೆರೊನ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ಪ್ರಶ್ನೆಯನ್ನು ತಲೆಕೆಳಗು ಮಾಡುತ್ತದೆ. ಸತ್ತವರು ಎದ್ದು ಬದುಕಿರುವವರನ್ನು ತಿನ್ನತೊಡಗಿದ್ದಾರೆ. ಹೊಲಗಳ ನಡುವಿನ ಒಂಟಿ ಮನೆಯೊಂದರಲ್ಲಿ ಏಳು ಜನ ಸಿಕ್ಕಿಬಿದ್ದಿದ್ದಾರೆ. ಬಾಗಿಲಿಗೆ ಹಲಗೆ ಹೊಡೆದು, ಬುದ್ಧಿ ಓಡಿಸಿ ರಾತ್ರಿ ದಾಟುವವನು ಕಪ್ಪು ವರ್ಣದ ನಟ ಡುಯೇನ್ ಜೋನ್ಸ್ ಮಾಡಿದ ಬೆನ್. ಬೆಳಗಾಗುತ್ತದೆ. ಬಂದೂಕು ಹಿಡಿದ ಬಿಳಿಯರ ತಂಡ ಊರು ‘ಶುಚಿ’ ಮಾಡುತ್ತಾ ಬರುತ್ತದೆ. ಕಿಟಕಿಯಲ್ಲಿ ಕಂಡ ಬೆನ್‌ನನ್ನು ಅದೂ ಒಂದು ಹೆಣ ಎಂದುಕೊಂಡು ಹಣೆಗೆ ಗುಂಡು ಹೊಡೆಯುತ್ತದೆ. ಕೊಕ್ಕೆ ಹಾಕಿ ಎಳೆದು ಬೆಂಕಿಗೆ ಹಾಕುವುದನ್ನು ಪತ್ರಿಕೆಯ ಫೋಟೋಗಳಂತೆ ಸ್ಥಿರಚಿತ್ರಗಳಲ್ಲಿ ತೋರಿಸುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದದ್ದು ಅದೇ ವರ್ಷ ಏಪ್ರಿಲ್‌ನಲ್ಲಿ, ಸಿನಿಮಾ ಬಂದದ್ದು ಅಕ್ಟೋಬರ್‌ನಲ್ಲಿ. ರಾತ್ರಿಯಿಡೀ ನಾವು ಹೆಣಗಳಿಗೆ ಹೆದರಿದ್ದೆವು. ಬೆಳಗ್ಗೆ ಬಂದ ಅಪಾಯಕ್ಕೆ ಹೆದರಲು ಸಮಯವನ್ನೇ ಸಿನಿಮಾ ಕೊಡುವುದಿಲ್ಲ. ಯಾರಿಗೆ ಹೆದರಬೇಕು ಎಂದು ನಮಗೆ ಕಲಿಸಿರುವುದರಲ್ಲೇ ಏನೋ ತಪ್ಪಿದೆ ಎನ್ನಿಸುವುದು ಆಗ.

ಇಷ್ಟಕ್ಕೆ ಒಬ್ಬ ಗೆಳೆಯನ ಆಕ್ಷೇಪ ಇದೆ: ‘ಸಿನಿಮಾ ನೋಡೋಕೂ ನಿನಗೆ ನೀತಿ ಬೇಕಾ? ಬೆಚ್ಚಿಬಿದ್ದರೆ ಆಯ್ತಪ್ಪ.’ ಬೆಚ್ಚಿಬೀಳುವ ಸುಖವನ್ನು ನಾನು ಹೀಗಳೆಯುವುದಿಲ್ಲ. ‘ಸೈಕೋ’ದ ಸ್ನಾನದ ದೃಶ್ಯ ಈಗಲೂ ನನ್ನ ಭುಜ ಮೇಲೇರಿಸುತ್ತದೆ. ನೀತಿ ಹೇಳಲೆಂದೇ ತೆಗೆದ ಹಾರರ್ ಸಾಮಾನ್ಯವಾಗಿ ಹೆದರಿಸುವುದೂ ಇಲ್ಲ. ಆದರೆ ಮರುಕ ಹುಟ್ಟಿಸುವ ದೆವ್ವದ ಕತೆಗಳಲ್ಲಿ ಒಂದು ಷರತ್ತು ಇರುವುದನ್ನು ಗಮನಿಸಿ: ಮೊದಲು ಸಾಯಬೇಕು. ತಮಿಳಿನ ‘ಕಾಂಚನಾ’ ಕನ್ನಡಕ್ಕೆ ‘ಕಲ್ಪನಾ’ (2012) ಆಗಿ ಬಂತು. ಅಲ್ಲಿ ಕೊಲೆಯಾದ ಲಿಂಗಾಂತರಿ ವ್ಯಕ್ತಿ ಆತ್ಮವಾಗಿ ಬಂದಾಗ ಪ್ರೇಕ್ಷಕರು ಅವರ ಪರ. ಸಿಗ್ನಲ್‌ನಲ್ಲಿ ಕಾರಿನ ಗಾಜು ಏರಿಸುವ ಕೈಗಳೇ ಥಿಯೇಟರಿನಲ್ಲಿ ಚಪ್ಪಾಳೆ ತಟ್ಟುತ್ತವೆ. ಬದುಕಿದ್ದಾಗ ಕೇಳಿಸದ ಮಾತು ದೆವ್ವವಾದ ಮೇಲೆ ಕೇಳಿಸುವುದಾದರೆ, ಆ ಮರುಕ ಯಾರ ಉಪಯೋಗಕ್ಕೆ?

ಇನ್ನು ‘ಸ್ತ್ರೀ’ (2018). ಅದರ ಬೇರು ನಮ್ಮ ‘ನಾಳೆ ಬಾ’. ರಾತ್ರಿ ಬಾಗಿಲು ಬಡಿಯುವ ದೆವ್ವ ಓದಿಕೊಂಡು ಹಿಂತಿರುಗಲಿ ಎಂದು ನಮ್ಮ ಊರುಗಳಲ್ಲಿ ಬಾಗಿಲ ಮೇಲೆ ಬರೆಯುತ್ತಿದ್ದರಲ್ಲ, ಅದು. ಸಿನಿಮಾದ ಚಂದೇರಿಯಲ್ಲಿ ಹಬ್ಬದ ನಾಲ್ಕು ರಾತ್ರಿ ಗಂಡಸರು ಒಬ್ಬರೇ ಹೊರಗೆ ಹೋಗಬಾರದು. ನಮ್ಮ ಹಾಸ್ಟೆಲಿನ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಲೈಬ್ರರಿಯಿಂದ ಹಾಸ್ಟೆಲಿಗೆ ಬರುವ ಕತ್ತಲೆ ರಸ್ತೆಯಲ್ಲಿ ಫೋನ್ ಕಿವಿಗಿಟ್ಟು ಯಾರೊಂದಿಗೋ ಮಾತಾಡುತ್ತಿರುವಂತೆ ನಟಿಸುತ್ತಾ, ಹಿಂದೆ ಹೆಜ್ಜೆ ಸದ್ದಾದರೆ ಕತ್ತು ತಿರುಗಿಸಿ ನೋಡುತ್ತಾ ನಡೆಯುವವರು ನಾವು. ಆ ರಸ್ತೆಯಲ್ಲಿ ನಾವು ಹೆದರುವುದು ದೆವ್ವಕ್ಕಲ್ಲ. ಕಾಳಿದಾಸನ ಜಿಂಕೆ ಹಿಂದೆ ತಿರುಗಿ ನೋಡುವುದು ಏಕೆಂದು ನಮಗೆ ಟಿಪ್ಪಣಿ ಬೇಕಾಗಿರಲಿಲ್ಲ.

ಆ ಊರು ಕೊಂದ ಹೆಣ್ಣಿಗೆ ಬೇಕಾದದ್ದು ಪ್ರೀತಿ, ಗೌರವ ಎಂದು ಸಿನಿಮಾ ಹೇಳುತ್ತದೆ. ಕೊನೆಗೆ ಗೋಡೆಯ ಬರಹ ಬದಲಾಗುತ್ತದೆ: ನಾಳೆ ಬಾ ಎಂಬುದರ ಜಾಗದಲ್ಲಿ ಕಾಪಾಡು ಎಂಬ ಬೇಡಿಕೆ. ಒಳ್ಳೆಯ ತಿರುವೇ. ಆದರೆ ಹೆಣ್ಣನ್ನು ಪ್ರತಿಮೆ ಮಾಡಿ ಕೈಮುಗಿಯುವುದು ನಮಗೆ ಹೊಸದಲ್ಲವಾದ್ದರಿಂದ ನನಗೆ ಹಳೆಯ ಬರಹವೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ‘ಬರಬೇಡ’ ಎಂದು ಬರೆಯುವಷ್ಟು ಧೈರ್ಯ ನಮ್ಮ ಹಿರಿಯರಿಗೆ ಇರಲಿಲ್ಲ. ಬಾಗಿಲು ಬಡಿಯುವವಳಿಗೆ ಬರುವ ಹಕ್ಕಿದೆ ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ವಾಯಿದೆ ಕೇಳಿದರು. ವಿಧವಾ ವೇತನದ ಅರ್ಜಿ ಹಿಡಿದು ಬಂದವಳಿಗೆ, ದೂರು ಕೊಡಲು ಬಂದ ಹುಡುಗಿಗೆ ಕಚೇರಿಗಳಲ್ಲಿ ಇಂದಿಗೂ ಸಿಗುವ ಉತ್ತರ ಅದೇ, ನಾಳೆ ಬನ್ನಿ.

ಹಾರರ್ ಸಿನಿಮಾಗಳನ್ನು ಮತ್ತೆ ಮತ್ತೆ ನೋಡುವುದೇಕೆ ಎಂದರೆ ಈಗ ನನ್ನ ಉತ್ತರ ಇಷ್ಟು. ಹೆದರುವುದಕ್ಕಲ್ಲ, ಹೆದರಿದವರು ಯಾರು ಎಂದು ತಿಳಿಯುವುದಕ್ಕೆ. ಒಳ್ಳೆಯ ಹಾರರ್ ಸಿನಿಮಾ ನನ್ನ ಭಯವನ್ನು ಅದರ ನಿಜವಾದ ಒಡತಿಗೆ ಹಿಂತಿರುಗಿಸುತ್ತದೆ. ಅಲ್ಲಿಂದ ಮುಂದೆ ಬಾಗಿಲು ತೆಗೆಯುವ ಕೆಲಸ ಸಿನಿಮಾದ್ದಲ್ಲ. ಅದು ಬದುಕಿರುವವರದು, ಬಡಿಯುತ್ತಿರುವವರೂ ಬದುಕಿರುವಾಗಲೇ.