ಗುಟ್ಟು ಇಟ್ಟುಕೊಳ್ಳುವ ಹಕ್ಕು

‘ಕಣ್ಣು ಮಿಟುಕಿಸಿ’ ಎನ್ನುತ್ತದೆ ಮೊಬೈಲಿನ ಪರದೆ. ಎದುರಿಗಿರುವುದು ಫೋಟೊ ಅಲ್ಲ, ಜೀವಂತ ಮನುಷ್ಯ ಎಂದು ಖಾತ್ರಿ ಮಾಡಿಕೊಳ್ಳಲು ಬ್ಯಾಂಕುಗಳು ಇಟ್ಟುಕೊಂಡಿರುವ ಪರೀಕ್ಷೆ ಇದು. ಆಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟುಹೋಗಿದ್ದ ಪ್ರಜ್ಞಾ ಪ್ರಸೂನ್ 2023ರಲ್ಲಿ ಖಾತೆ ತೆರೆಯಲು ಹೋದಾಗ ಇದೇ ಅಡ್ಡ ನಿಂತಿತು. ಅದನ್ನು ರೂಪಿಸಿದವರ ಮನಸ್ಸಿನಲ್ಲಿ ಮಿಟುಕಿಸಬಲ್ಲ ಕಣ್ಣುಗಳಷ್ಟೇ ಇದ್ದವು. ಪ್ರಜ್ಞಾ ಮತ್ತು ದೃಷ್ಟಿಯಿಲ್ಲದ ವಕೀಲ ಅಮರ್ ಜೈನ್ ಅವರ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನೊಳಗೇ ಇದೆ; ಮಿಟುಕಿಸುವುದಕ್ಕೆ ಬದಲಿ ದಾರಿ ಇರಬೇಕು, ಕಾಗದದ ಕೆವೈಸಿಯೂ ಉಳಿಯಬೇಕು.

ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಇಂಥ ಪರದೆಗಳ ಮುಂದೆ ಸೋತವರಿಗೆ ನೆರವಿನ ಕೈಗಳಿಗೆ ಬರವಿಲ್ಲ. ಅಂಗಡಿಯವರು, ಪಕ್ಕದ ಮನೆಯ ಹುಡುಗ, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ಯಾರಾದರೊಬ್ಬರು ಕಣ್ಣು ಕಾಣದ ಅಜ್ಜಿಗೆ ಓಟಿಪಿ ಓದಿ ಹೇಳುತ್ತಾರೆ, ಪಿನ್ ಒತ್ತಿಕೊಡುತ್ತಾರೆ, ಮಾಸಾಶನ ಬಂತೋ ಇಲ್ಲವೋ ನೋಡುತ್ತಾರೆ. ಆ ಪ್ರೀತಿಯನ್ನು ನಾನು ಹಗುರ ಮಾಡಲಾರೆ; ಊರೆಂಬುದು ನಿಂತಿರುವುದೇ ಅದರ ಮೇಲೆ. ಆದರೆ ಉಳಿದವರೆಲ್ಲ ಕೈಯಡ್ಡ ಹಿಡಿದು ಒತ್ತುವ ಅಂಕಿಗಳನ್ನು ಅಜ್ಜಿ ಬಾಯಿಬಿಟ್ಟು ಹೇಳಬೇಕು. ಖಾತೆಯಲ್ಲಿ ಎಷ್ಟಿದೆ, ಮಗಳಿಗೆ ಎಷ್ಟು ಕಳಿಸಿದಳು, ಯಾವ ಔಷಧಕ್ಕೆ ಎಷ್ಟು ಹೋಯಿತು ಎಂಬುದೆಲ್ಲ ಇನ್ನೊಬ್ಬರಿಗೆ ಗೊತ್ತಾಗಬೇಕು. ಗುಟ್ಟು ಇಟ್ಟುಕೊಳ್ಳಲಾಗದವರನ್ನು ನಾವು ಪೂರ್ಣ ನಾಗರಿಕರೆಂದು ಹೇಗೆ ಕರೆಯೋಣ? ಅಜ್ಜಿ ನಂಬುತ್ತಾಳೆ, ನಿಜ. ನಂಬದೆ ಇರುವ ಅವಕಾಶವೇ ಅವಳಿಗಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿ ತಂತ್ರಜ್ಞಾನವನ್ನೂ ಒಳಗೊಂಡಿದೆ. ಆದರೂ ಅದರಡಿ ಬಂದ ಮಾನದಂಡಗಳು ಬಹುಪಾಲು ಸಲಹೆಯ ಧಾಟಿಯಲ್ಲೇ ಇದ್ದವು. ರಾಜೀವ್ ರತೂರಿ ಪ್ರಕರಣದಲ್ಲಿ, 2024ರ ನವೆಂಬರ್ 8ರಂದು, ಕಡ್ಡಾಯ ನಿಯಮಗಳನ್ನು ಮೂರು ತಿಂಗಳೊಳಗೆ ರೂಪಿಸುವಂತೆ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಬೇಕಾಯಿತು. ಸಲಹೆ ಪಾಲಿಸಿದವರು ಉಪಕಾರ ಮಾಡಿದಂತೆ, ಪಾಲಿಸದಿದ್ದರೆ ಕೇಳುವಂತಿಲ್ಲ. ಓಟಿಪಿಗಾಗಿ ಪಕ್ಕದ ಮನೆಯ ಬಾಗಿಲು ತಟ್ಟುವ ಅಜ್ಜಿಯ ಸ್ಥಿತಿಯೂ ಅದೇ.

ಎಲ್ಲವೂ ದೊಡ್ಡ ಖರ್ಚಿನ ಕೆಲಸವಲ್ಲ. ಕಂಪ್ಯೂಟರ್ ಪರದೆಯ ಮೇಲಿನ ಕನ್ನಡವನ್ನೂ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಸಹಿ ಹಾಕಿ ಸ್ಕ್ಯಾನ್ ಮಾಡಿದ ಸರ್ಕಾರಿ ಆದೇಶ ಮಾತ್ರ ಅದಕ್ಕೆ ಬರೀ ಚಿತ್ರ, ಓದಲು ಅಕ್ಷರವೇ ಇಲ್ಲ. ಆದೇಶದ ಯೂನಿಕೋಡ್ ಪಠ್ಯವನ್ನೂ ಜೊತೆಗಿಟ್ಟರೆ, ಮಾಸಾಶನದ ಸುದ್ದಿಯನ್ನು ಫಲಾನುಭವಿ ತಾನೇ ಕೇಳಿ ತಿಳಿಯಬಹುದು. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದನ್ನು ಆಮೇಲೆ ಅವರೇ ತೀರ್ಮಾನಿಸುತ್ತಾರೆ.